ಮೊದಲು ಬರ್ತ್, ಆಮೇಲೆ ಪಾಸ್: ಯುರೋಪಿನ ರಾತ್ರಿ ರೈಲಿನ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಯೂರೇಲ್ ಪಾಸ್ ತಗೊಂಡು ರಾತ್ರಿ ಹೊತ್ತು ರೈಲಲ್ಲೇ ಮಲ್ಕೊಂಡು ಹೋದ್ರೆ ಹೋಟೆಲ್ ದುಡ್ಡು ಉಳಿಯುತ್ತೆ ಅಲ್ವಾ?"

ಯುರೋಪಿಗೆ ಹೊರಟ ನೆಂಟರು, ಸ್ನೇಹಿತರು, ಸ್ನೇಹಿತರ ಸ್ನೇಹಿತರು, ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. ಉಳಿಯುತ್ತದೆ, ಆದರೆ ನೀವು ಅಂದುಕೊಂಡಷ್ಟಲ್ಲ. ನಿಜವಾಗಿ ಉಳಿಯುವುದು ಹಗಲು. ಹತ್ತು ಹನ್ನೆರಡು ದಿನ ರಜೆ ಹಾಕಿ ಅಷ್ಟು ದೂರ ಬಂದವರಿಗೆ ಒಂದೊಂದು ಹಗಲೂ ಮುಖ್ಯ. ಆ ಹಗಲು ಉಳಿಯಬೇಕಾದರೆ ಪ್ಲಾನ್ ಮಾಡುವ ಕ್ರಮ ಬದಲಾಗಬೇಕು. ಎಲ್ಲರೂ ಮೊದಲು ಪಾಸ್ ಕೊಂಡು ಆಮೇಲೆ ರೈಲು ಹುಡುಕುತ್ತಾರೆ. ನಾನು ಹೇಳುವುದು ಇಷ್ಟೇ: ಮೊದಲು ಬರ್ತ್ ನೋಡಿ, ಆಮೇಲೆ ಪಾಸ್.

ಯಾಕೆಂದರೆ ಪಾಸ್ ಅನ್ನುವುದು ಯುರೋಪಿನ ಹಲವು ದೇಶಗಳ ರೈಲುಗಳಲ್ಲಿ ಓಡಾಡೋಕೆ ಒಟ್ಟಿಗೆ ಕೊಳ್ಳುವ ಪ್ರಯಾಣದ ಟಿಕೆಟ್ ಮಾತ್ರ. ಮಲಗುವ ಜಾಗ ಅದರಲ್ಲಿ ಸೇರಿಲ್ಲ. ಹೆಚ್ಚು ಕಡಿಮೆ ಎಲ್ಲಾ ರಾತ್ರಿ ರೈಲುಗಳಲ್ಲೂ ರಿಸರ್ವೇಶನ್ ಕಡ್ಡಾಯ, ಅದಕ್ಕೆ ಬೇರೆ ದುಡ್ಡು. ನಮ್ಮ ಕಡೆಯ ತರ ಆರ್‌ಎಸಿ, ತತ್ಕಾಲ್ ಅಂತ ನಂಬಿಕೊಂಡು ಕೂರುವ ಹಾಗಿಲ್ಲ. ಬರ್ತ್ ಇಲ್ಲ ಅಂದರೆ ಇಲ್ಲ. ಬೇಸಿಗೆ ರಜೆಯಲ್ಲಿ, ಕ್ರಿಸ್‌ಮಸ್ ಹೊತ್ತಿನಲ್ಲಿ ಒಳ್ಳೆಯ ರೈಲುಗಳು ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತವೆ. ಕೈಯಲ್ಲಿ ಪಾಸ್ ಇದ್ದೂ ಹತ್ತೋಕೆ ರೈಲಿಲ್ಲ ಅನ್ನೋ ಸ್ಥಿತಿ ಬೇಡ.

ಮಲಗೋಕೆ ಎರಡು ಬಗೆ. ಕೂಶೆಟ್ ನಮ್ಮ ತ್ರೀ ಟಯರ್ ಎಸಿಗೆ ಹತ್ತಿರ. ಎದುರು ಬದುರು ಮೂರು ಮೂರು ಬರ್ತ್, ಅಥವಾ ಎರಡೆರಡು. ಆದರೆ ಸೈಡ್ ಬರ್ತ್ ಇಲ್ಲ, ಬಾಗಿಲಿದೆ, ಒಳಗಿನಿಂದ ಲಾಕ್ ಮಾಡಬಹುದು. ದಿಂಬು, ಹೊದಿಕೆ, ಶೀಟ್ ಕೊಡುತ್ತಾರೆ. ಗಂಡಸರು ಹೆಂಗಸರು ಒಂದೇ ಕ್ಯಾಬಿನ್‌ನಲ್ಲಿ ಇರುತ್ತಾರೆ. ಒಬ್ಬರೇ ಹೋಗುವ ಹೆಣ್ಣುಮಕ್ಕಳು ಆಸ್ಟ್ರಿಯಾ ರೈಲ್ವೆಯ ರಾತ್ರಿ ರೈಲಾದ ನೈಟ್‌ಜೆಟ್‌ನಲ್ಲಿ ಹೆಂಗಸರಿಗೇ ಮೀಸಲಾದ ಕ್ಯಾಬಿನ್ ಕೇಳಿ ಪಡೆಯಬಹುದು. ಇನ್ನೊಂದು ಸ್ಲೀಪರ್. ಒಬ್ಬರಿಂದ ಮೂವರಿಗೆ ಒಂದು ಕೋಣೆ, ಒಳಗೇ ವಾಶ್‌ಬೇಸಿನ್, ದುಬಾರಿ ಕೋಣೆಗಳಲ್ಲಿ ಶವರ್ ಕೂಡ. ಬರೀ ಸೀಟಿನಲ್ಲಿ ಕೂತೂ ಹೋಗಬಹುದು, ಆದರೆ ನಾನು ಯಾರಿಗೂ ಹೇಳುವುದಿಲ್ಲ. ರಾತ್ರಿಯಿಡೀ ನಿದ್ದೆಗೆಟ್ಟು ವಿಯೆನ್ನಾದಲ್ಲಿ ಇಳಿದರೆ ಆ ಹಗಲು ತೂಕಡಿಕೆಯಲ್ಲೇ ಹೋಗುತ್ತದೆ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಸ್ಲೀಪರ್‌ಗೆ ಸ್ವಲ್ಪ ಜಾಸ್ತಿ ಖರ್ಚು ಮಾಡಿ. ಕೂಶೆಟ್‌ನ ಮೇಲಿನ ಬರ್ತ್‌ಗೆ ಕಿರಿದಾದ ಏಣಿ ಹತ್ತಬೇಕು. ಮಂಡಿ ನೋವಿರುವವರಿಗೆ ಆಗದ ಮಾತು.

ಈಗ ಪಾಸ್. ಯುರೋಪಿನಲ್ಲೇ ವಾಸ ಮಾಡುವವರಿಗೆ ಇಂಟರ್‌ರೇಲ್, ಹೊರಗಿನಿಂದ ಬರುವವರಿಗೆ ಯೂರೇಲ್. ಇಲ್ಲಿ ಲೆಕ್ಕಕ್ಕೆ ಬರುವುದು ನೀವು ಎಲ್ಲಿ ವಾಸವಾಗಿದ್ದೀರಿ ಅನ್ನುವುದು. ಹಾಗಾಗಿ ಮ್ಯೂನಿಕ್‌ನಲ್ಲಿ ಕೆಲಸ ಮಾಡುವ ಮಗ ಇಂಟರ್‌ರೇಲ್ ತಗೋಬೇಕು, ಮೈಸೂರಿನಿಂದ ಬರುವ ಅಪ್ಪ ಅಮ್ಮ ಯೂರೇಲ್. ಗ್ಲೋಬಲ್ ಪಾಸ್ ಎರಡರಲ್ಲೂ ಇದೆ, 33 ದೇಶಗಳಲ್ಲಿ ನಡೆಯುತ್ತದೆ. 27 ವರ್ಷದವರೆಗೆ ರಿಯಾಯಿತಿ ಇದೆ, 60 ದಾಟಿದವರಿಗೂ ಇದೆ. 12 ತುಂಬದ ಮಕ್ಕಳಿಗೆ ದೊಡ್ಡವರ ಜೊತೆ ಪಾಸ್ ಉಚಿತ, ಆದರೆ ಅವರ ಬರ್ತ್‌ಗೆ ದುಡ್ಡು ಕೊಡಬೇಕು.

ಬಹಳಷ್ಟು ಜನಕ್ಕೆ ಸರಿಹೊಂದುವುದು ಫ್ಲೆಕ್ಸಿ ಪಾಸ್. ಉದಾಹರಣೆಗೆ, ಒಂದು ತಿಂಗಳೊಳಗೆ ನಿಮಗೆ ಬೇಕಾದ 5 ದಿನ. ಈ "ದಿನ"ದ ಲೆಕ್ಕ ಸರಿಯಾಗಿ ಗೊತ್ತಿರಬೇಕು. ಅದು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಅಷ್ಟರೊಳಗೆ ಎಷ್ಟು ರೈಲು ಬೇಕಾದರೂ ಹತ್ತಿ. ರಾತ್ರಿ ರೈಲನ್ನು 12 ಗಂಟೆಯೊಳಗೆ ಹತ್ತಿದರೆ ಹೊರಟ ದಿನ ಒಂದೇ ಖರ್ಚಾಗುತ್ತದೆ. ಮರುದಿನ ಬೆಳಿಗ್ಗೆ ಇಳಿಯುವುದಕ್ಕೆ ಇನ್ನೊಂದು ದಿನ ಬೇಕಿಲ್ಲ.

ಜ್ಯೂರಿಕ್‌ನಿಂದ ವಿಯೆನ್ನಾಕ್ಕೆ ಹೋಗುವ ನೈಟ್‌ಜೆಟ್ ತಗೊಳ್ಳಿ. ರಾತ್ರಿ ಒಂಬತ್ತೂವರೆ ಆಸುಪಾಸಿಗೆ ಹೊರಟು ಬೆಳಿಗ್ಗೆ ಎಂಟರ ಸುಮಾರಿಗೆ ತಲುಪುತ್ತದೆ. ಹೊರಡುವ ದಿನ ಬೆಳಿಗ್ಗೆ ಜಿನೀವಾದಿಂದ ರೈಲು ಹತ್ತಿ, ಇಂಟರ್‌ಲಾಕೆನ್‌ನಲ್ಲಿ ಮಧ್ಯಾಹ್ನ ಕಳೆದು, ಸಂಜೆ ಜ್ಯೂರಿಕ್‌ಗೆ ಬನ್ನಿ. ಸ್ವಿಸ್‌ನ ಸಾಮಾನ್ಯ ರೈಲುಗಳಿಗೆ ರಿಸರ್ವೇಶನ್ನೇ ಬೇಡ. ಇಷ್ಟೆಲ್ಲಾ ಸುತ್ತಿ, ರಾತ್ರಿ ಮಲಗಿ, ಆಸ್ಟ್ರಿಯಾದ ಆ ತುದಿಗೆ ಹೋಗಿ ಮುಟ್ಟಿದರೂ ಪಾಸ್‌ನಲ್ಲಿ ಒಂದೇ ದಿನ ಕಳೆದಿರುತ್ತದೆ. ಪಾಸ್‌ನಿಂದ ಪೂರಾ ಲಾಭ ಆಗುವುದು ಹೀಗೆ, ಹಗಲಿನ ಓಡಾಟಕ್ಕೆ ರಾತ್ರಿಯನ್ನು ಪೋಣಿಸಿದಾಗ. ಹಗಲೆಲ್ಲಾ ಒಂದೇ ಊರಲ್ಲಿದ್ದು ಬರೀ ರಾತ್ರಿ ರೈಲಿಗೆ ಒಂದು ದಿನ ಕಳೆಯುವುದಾದರೆ, ಮೊದಲು ಅದೇ ರೈಲಿನ ಮಾಮೂಲಿ ಟಿಕೆಟ್ ಬೆಲೆ ನೋಡಿ. ಬೇಗ ಬುಕ್ ಮಾಡಿದರೆ ಎಷ್ಟೋ ಸಲ ಅದೇ ಅಗ್ಗ.

ವಿಯೆನ್ನಾದಲ್ಲಿ ಇಳಿದ ಮೇಲೆ ಒಂದು ಎಚ್ಚರಿಕೆ. ಊರೊಳಗೆ ಓಡುವ ಅಲ್ಲಿನ ಎಸ್-ಬಾನ್ ಲೋಕಲ್ ರೈಲಿಗೂ ಪಾಸ್ ನಡೆಯುತ್ತದೆ ಅಂತ ನಾಲ್ಕು ಸ್ಟೇಶನ್ ದೂರಕ್ಕೆ ಪಾಸ್ ತೋರಿಸಿದರೆ, ಆ ಬೆಳಿಗ್ಗೆಗೇ ಹೊಸ ದಿನ ಶುರುವಾಗಿಬಿಡುತ್ತದೆ. ಸುಮ್ನೆ ಊರೊಳಗಿನ ಟಿಕೆಟ್ ಕೊಂಡುಕೊಳ್ಳಿ. ಹಾಗೆಯೇ, ಸಾಲ್ಜ್‌ಬರ್ಗ್‌ನಂಥ ನಡುವಿನ ಊರುಗಳಲ್ಲಿ ಕೆಲವು ರಾತ್ರಿ ರೈಲುಗಳು ಬರುವುದೇ 12 ದಾಟಿದ ಮೇಲೆ. ಅಲ್ಲಿ ಹತ್ತುವುದಾದರೆ ಬರ್ತ್ ಬುಕ್ ಮಾಡುವಾಗ ತಾರೀಕು ಎರಡು ಸಲ ನೋಡಿ.

ಹಳೆಯ ವಿಡಿಯೋ ನೋಡಿಕೊಂಡು ದಾರಿ ಹಾಕಬೇಡಿ. ರಾತ್ರಿ ರೈಲುಗಳ ಪಟ್ಟಿ ಬದಲಾಗುತ್ತಲೇ ಇರುತ್ತದೆ. 2016ರ ಡಿಸೆಂಬರ್‌ನಲ್ಲಿ ಜರ್ಮನ್ ರೈಲ್ವೆ ತನ್ನ ರಾತ್ರಿ ರೈಲುಗಳನ್ನು ನಿಲ್ಲಿಸಿತು. ಅವುಗಳಲ್ಲಿ ಕೆಲವು ದಾರಿಗಳನ್ನು ಆಸ್ಟ್ರಿಯಾದ ರೈಲ್ವೆ ವಹಿಸಿಕೊಂಡು ನೈಟ್‌ಜೆಟ್ ಶುರು ಮಾಡಿತು. ಮ್ಯಾಡ್ರಿಡ್–ಲಿಸ್ಬನ್ ರಾತ್ರಿ ರೈಲು 2020ರಲ್ಲಿ ನಿಂತಿತು. ಯೂರೋಪಿಯನ್ ಸ್ಲೀಪರ್ ಅನ್ನುವ ಹೊಸ ಕಂಪನಿ 2023ರಲ್ಲಿ ಬ್ರಸೆಲ್ಸ್–ಬರ್ಲಿನ್ ರೈಲು ಬಿಟ್ಟು, ಮರುವರ್ಷ ಪ್ರಾಗ್‌ವರೆಗೆ ಎಳೆಯಿತು. 2021ರಲ್ಲಿ ಶುರುವಾದ ಪ್ಯಾರಿಸ್–ವಿಯೆನ್ನಾ ನೈಟ್‌ಜೆಟ್ 2025ರ ಡಿಸೆಂಬರ್‌ನಲ್ಲಿ ನಿಂತಿತು. ಪ್ರತಿ ಡಿಸೆಂಬರ್ ಮಧ್ಯದಲ್ಲಿ ಇಡೀ ಯುರೋಪಿನ ವೇಳಾಪಟ್ಟಿ ಬದಲಾಗುತ್ತದೆ. ಆ ತಾರೀಕಿನ ಆಚೆಗೆ ಹೋಗುವವರು ಬುಕಿಂಗ್ ತೆರೆಯುವವರೆಗೆ ಕಾಯಬೇಕಾಗಬಹುದು.

ಒಂದರ ಹಿಂದೆ ಒಂದು ಎರಡು ರಾತ್ರಿ ರೈಲಿನಲ್ಲಿ ಕಳೆಯಬೇಡಿ. ಒಂದು ರಾತ್ರಿ ರೈಲು, ಎರಡು ರಾತ್ರಿ ಹಾಸಿಗೆ, ಈ ಲೆಕ್ಕ ಮೈಗೆ ಒಗ್ಗುತ್ತದೆ. ಬೆಳಿಗ್ಗೆ ಎಂಟಕ್ಕೆ ಇಳಿದರೂ ಹೋಟೆಲಿನವರು ರೂಮ್ ಕೊಡುವುದು ಮಧ್ಯಾಹ್ನ ಎರಡು ಮೂರಕ್ಕೆ. ಲಗೇಜನ್ನು ಅಲ್ಲೇ ಬಿಟ್ಟು ಊರು ನೋಡಲು ಹೊರಡಿ.

ಊಟ ನೀವೇ ಕಟ್ಟಿಕೊಳ್ಳಿ. ಬೆಳಿಗ್ಗೆ ನೈಟ್‌ಜೆಟ್ ಕೂಶೆಟ್‌ನಲ್ಲಿ ಎರಡು ಬನ್, ಬೆಣ್ಣೆ, ಜಾಮ್, ಕಾಫಿ ಅಥವಾ ಟೀ ತಂದುಕೊಡುತ್ತಾರೆ. ರಾತ್ರಿ ಊಟ ಸಿಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ, ಅದರಲ್ಲೂ ಸಸ್ಯಾಹಾರಿಗಳು. ಭಾನುವಾರ ಆಸ್ಟ್ರಿಯಾ, ಜರ್ಮನಿಯಲ್ಲಿ ಊರಿನ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ಸ್ಟೇಶನ್‌ಗಳೊಳಗಿನ ಅಂಗಡಿಗಳು ಮಾತ್ರ ತೆರೆದಿರುತ್ತವೆ.

ಲಾಭ ನಷ್ಟದ ಲೆಕ್ಕ ಬದಿಗಿಟ್ಟು ಒಂದೇ ಒಂದು ರಾತ್ರಿ ರೈಲು ಹೇಳು ಅಂದರೆ, ಇಟಲಿಯ ಸಿಸಿಲಿ ದ್ವೀಪಕ್ಕೆ ಹೋಗುವುದನ್ನೇ ಹೇಳುತ್ತೇನೆ. ರೋಮ್‌ನಿಂದ ರಾತ್ರಿ ಹೊರಟ ರೈಲು ಬೆಳಿಗ್ಗೆ ವಿಲ್ಲಾ ಸಾನ್ ಜೊವಾನಿಗೆ ಬರುತ್ತದೆ. ಮುಂದೆ ಸಮುದ್ರ, ಸೇತುವೆ ಇಲ್ಲ. ರೈಲನ್ನು ತುಂಡು ತುಂಡಾಗಿ ಬಿಡಿಸಿ, ಬೋಗಿಗಳನ್ನು ಹಳಿ ಸಮೇತ ಇರುವ ಹಡಗಿನ ಹೊಟ್ಟೆಯೊಳಗೆ ತಳ್ಳುತ್ತಾರೆ. ಜಗ್ಗಿ, ನಿಂತು, ಮತ್ತೆ ಜಗ್ಗುವಾಗಲೇ ಎಲ್ಲರಿಗೂ ಎಚ್ಚರವಾಗುತ್ತದೆ. ಬೋಗಿ ಇಳಿದು, ಕಬ್ಬಿಣದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಮೆಸ್ಸಿನಾ ಊರು ಎದುರಿಗೇ. ಹಡಗಿನ ಬಾರ್‌ನಲ್ಲಿ ಅರಾಂಚಿನಿ ಅಂತ ಅನ್ನದ ಕರಿದ ಉಂಡೆ ಮಾರುತ್ತಾರೆ. ಒಳಗೆ ಮಾಂಸ ಇರುತ್ತದೆ, ಇಲ್ಲದ್ದೂ ಸಿಗುತ್ತದೆ, ಕೇಳಿ ತಗೊಳ್ಳಿ.

ಹೊರಡುವ ಮೊದಲು ಮೊಬೈಲಿನಲ್ಲಿ ಪಾಸ್ ಇಟ್ಟುಕೊಳ್ಳುವ ರೈಲ್ ಪ್ಲಾನರ್ ಆ್ಯಪ್ ಹಾಕಿಕೊಂಡು, ಪ್ರತಿ ಪ್ರಯಾಣವನ್ನೂ ರೈಲು ಹತ್ತುವ ಮುಂಚೆ ಪಾಸ್‌ಗೆ ಸೇರಿಸಿ. ಮೂರು ದಿನಕ್ಕೊಮ್ಮೆಯಾದರೂ ಅದಕ್ಕೆ ಇಂಟರ್‌ನೆಟ್ ಬೇಕು. ನಡುರಾತ್ರಿ ಬೋಗಿಗಳನ್ನು ಬೇರ್ಪಡಿಸಿ ಬೇರೆ ಬೇರೆ ಊರಿಗೆ ಕಳಿಸುವುದುಂಟು, ಅದಕ್ಕೇ ನಿಮ್ಮ ನಂಬರಿನ ಬೋಗಿಯಲ್ಲೇ ಮಲಗಿ. ಇನ್ನು ವೀಸಾ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ ಶೆಂಗೆನ್ ಅನ್ನುತ್ತಾರೆ. ಕ್ರೊಯೇಷಿಯಾ 2023ರಲ್ಲಿ ಅದನ್ನು ಸೇರಿತು, ರೊಮೇನಿಯಾ ಮತ್ತು ಬಲ್ಗೇರಿಯಾದ ರೈಲು, ರಸ್ತೆ ಗಡಿಗಳು 2025ರ ಜನವರಿ 1ರಿಂದ ತೆರೆದವು. ಹಾಗಾಗಿ ಬುಡಾಪೆಸ್ಟ್‌ನಿಂದ ಬುಕಾರೆಸ್ಟ್‌ವರೆಗೆ ಅದೇ ಶೆಂಗೆನ್ ವೀಸಾದಲ್ಲಿ ಹೋಗಬಹುದು. ಆದರೆ ನಡುವೆ ಲಂಡನ್‌ಗೋ ಸೆರ್ಬಿಯಾಕ್ಕೋ ಹೋಗಿ ವಾಪಸ್ ಬರುವುದಿದ್ದರೆ ಸಿಂಗಲ್ ಎಂಟ್ರಿ ವೀಸಾ ಸಾಲದು. ಅರ್ಜಿ ಹಾಕುವಾಗಲೇ ಮಲ್ಟಿಪಲ್ ಎಂಟ್ರಿ ಕೇಳಿ.