ರಾಣಿ ಗೌರಮ್ಮನಲ್ಲಿ ನಾನು ಬಯಸಿದ್ದು

ಪುಸ್ತಕದ ಪಾತ್ರವೊಂದರಲ್ಲಿ ಬೇಕೆನಿಸಿದ ಗುಣದ ಬಗ್ಗೆ ಬರೆಯಬೇಕೆಂದು ಈ ಪತ್ರಿಕೆಯವರು ಕೇಳಿದ್ದಾರೆ. ಮಡಿಕೇರಿಯಲ್ಲಿ ನಾನು ಪದವಿ ಓದುತ್ತಿದ್ದಾಗ, ಜುಲೈ ತಿಂಗಳ ಮಳೆಗೆ ಕಾಲೇಜಿನ ಗ್ರಂಥಾಲಯದ ಪುಸ್ತಕಗಳಿಗೆಲ್ಲ ಬೂಷ್ಟು ಹಿಡಿಯುತ್ತಿತ್ತು. ಅವನ್ನು ಒಣಬಟ್ಟೆಯಲ್ಲಿ ಒರೆಸಿಡಲು ನಮ್ಮ ಕನ್ನಡ ಅಧ್ಯಾಪಕರು ಐದಾರು ಮಂದಿಯನ್ನು ಕರೆದುಕೊಳ್ಳುತ್ತಿದ್ದರು. ಕೂಲಿಯೆಂದರೆ, ಒರೆಸಿದ ಪುಸ್ತಕಗಳಲ್ಲಿ ಒಂದನ್ನು ಮನೆಗೆ ಒಯ್ಯಬಹುದಿತ್ತು. ಆದರೆ ಹಿಂದಿರುಗಿಸುವಾಗ ಅದರೊಳಗಿನ ಯಾವ ಪಾತ್ರದ ಯಾವ ಗುಣ ನಮಗೆ ಬೇಕೆನಿಸಿತು ಎಂಬುದನ್ನು ಅವರ ಮುಂದೆ ನಿಂತು ಹೇಳಬೇಕಿತ್ತು.

ಹೆಚ್ಚಿನವರು ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯ ಮೂಕಜ್ಜಿಯನ್ನು ಹಿಡಿದುಕೊಂಡರು. ವಸ್ತುವೊಂದನ್ನು ಮುಟ್ಟಿದೊಡನೆ ಅದರ ಹಿಂದಿನದೆಲ್ಲ ಕಾಣುವ ಶಕ್ತಿ ಯಾರಿಗೆ ಬೇಡ? ಅದು ಗುಣವಲ್ಲ, ವರ ಎಂದು ಅಧ್ಯಾಪಕರು ತಳ್ಳಿಹಾಕಿದರು. ಮೂರ್ನಾಡಿನ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿಗುತ್ತಿಯನ್ನು ಆರಿಸಿಕೊಂಡು, ಹುಲಿಯ ಎಂಬ ನಾಯಿಯನ್ನು ಜೊತೆಗಿಟ್ಟುಕೊಂಡು ಯಾವ ಕಾಡಿಗೂ ಯಾವ ಮಳೆಗೂ ಅಂಜದೆ ನಡೆಯುವ ಅವನ ಕಾಲು ತನಗೆ ಬೇಕೆಂದ. ಬಸ್ಸಿಗಾಗಿ ದಿನವೂ ತೋಟದ ದಾರಿಯಲ್ಲಿ ಜಿಗಣೆ ಕಿತ್ತುಕೊಳ್ಳುತ್ತ ಬರುವವನ ಬಾಯಲ್ಲಿ ಆ ಮಾತು ತಕ್ಕುದಾಗಿಯೇ ಇತ್ತು.

ನನ್ನ ಪಾಲಿಗೆ ಬಂದದ್ದು ಕೊಡಗಿನ ಕೊನೆಯ ದೊರೆಯನ್ನು ಕುರಿತು ಮಾಸ್ತಿಯವರು 1956ರಲ್ಲಿ ಪ್ರಕಟಿಸಿದ ಕಾದಂಬರಿ ‘ಚಿಕವೀರ ರಾಜೇಂದ್ರ’. ಕೊಡಗು 1834ರಲ್ಲಿ ಇಂಗ್ಲಿಷರ ವಶವಾದ ಕಥೆಯನ್ನು ನಾವು ಮನೆಯಲ್ಲಿ ಕೇಳಿಯೇ ಬೆಳೆದವರು. ಕಾದಂಬರಿಯು ದೊರೆಯನ್ನು ದುರಾಚಾರಿಯಾಗಿ ಚಿತ್ರಿಸಿರುವ ಬಗೆಯನ್ನು ಒಪ್ಪದ ಹಿರಿಯರು ನಮ್ಮ ಮನೆಯಲ್ಲೇ ಇದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ದೊರೆಯಲ್ಲ, ರಾಣಿ ಗೌರಮ್ಮ. ಸುತ್ತಲಿನವರಲ್ಲಿ ಕೆಲವರು ಹೆದರಿ ಸುಮ್ಮನಿರುವಾಗ, ಕೆಲವರು ಬೇಸತ್ತು ದೂರವಾಗುವಾಗ, ಆಕೆ ಗಂಡನ ಮರ್ಯಾದೆಗೂ ಕುಂದು ತಾರದೆ, ತಾನು ಕಂಡ ತಪ್ಪನ್ನೂ ಮರೆಮಾಚದೆ ಮಾತನಾಡುತ್ತಾಳೆ. ಬಯ್ಯುವುದು ಸುಲಭ, ಬಾಯಿಮುಚ್ಚಿಕೊಂಡಿರುವುದು ಇನ್ನೂ ಸುಲಭ; ಬಿಟ್ಟುಹೋಗಲಾರದವನ ಎದುರು ನಿಂತು ಮೆಲುದನಿಯಲ್ಲಿ ಅಪ್ರಿಯವಾದುದನ್ನು ಹೇಳುವುದು ನನಗೆ ಕತ್ತಿ ಹಿಡಿಯುವುದಕ್ಕಿಂತ ದೊಡ್ಡದಾಗಿ ಕಂಡಿತು. (ನಮ್ಮ ತರಗತಿಯ ಒಬ್ಬಾಕೆ ಪರೀಕ್ಷೆಯಲ್ಲಿ ಈ ರಾಣಿಯೇ ‘ಕಂಬನಿ’ಯ ಕತೆಗಳನ್ನು ಬರೆದಳೆಂದು ಬರೆದಿಟ್ಟಿದ್ದಳು. ಅವು 1939ರಲ್ಲಿ, ಇನ್ನೂ ಇಪ್ಪತ್ತೇಳರ ವಯಸ್ಸಿನಲ್ಲಿ ತೀರಿಕೊಂಡ ಕತೆಗಾರ್ತಿ ಕೊಡಗಿನ ಗೌರಮ್ಮನವರ ಕತೆಗಳು. ಅಧ್ಯಾಪಕರು ಅಂಕ ಕೊಡಲಿಲ್ಲ, ಆದರೆ ಬಹಳ ಹೊತ್ತು ನಕ್ಕರು.)

ಇಷ್ಟೆಲ್ಲವನ್ನೂ ನಾನು ಅಧ್ಯಾಪಕರ ಮುಂದೆ ಚೆನ್ನಾಗಿಯೇ ಹೇಳಿದೆ. ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಬಸ್ ನಿಲ್ದಾಣದಲ್ಲಿ ಕೊಡೆ ಮಗುಚಿ ಪುಸ್ತಕ ನೀರಿಗೆ ಬಿದ್ದಿತ್ತು; ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿದ ಮೇಲೆ ಕೊನೆಯ ಹಾಳೆಗಳು ಹಪ್ಪಳದಂತೆ ಉಬ್ಬಿ, ಅಂಚಿನಲ್ಲಿ ಚಹಾ ಬಣ್ಣದ ಕಲೆ ಉಳಿದಿತ್ತು. ಯಾರೂ ಬಿಡಿಸಿ ನೋಡಲಿಲ್ಲವಾದ್ದರಿಂದ ನಾನೇ ಅದನ್ನು ಕಪಾಟಿನಲ್ಲಿ ಸೇರಿಸಿಬಿಟ್ಟೆ. ಮುಂದಿನ ವಾರ ಅದನ್ನು ಒಯ್ದು ತಂದ ಗೆಳತಿಗೆ ಇಪ್ಪತ್ತು ರೂಪಾಯಿ ದಂಡ ಬಿತ್ತು. ಆಕೆ ತನ್ನ ತಪ್ಪಲ್ಲವೆಂದು ಹೇಳುತ್ತಿದ್ದಾಗ ನಾನು ಪಕ್ಕದ ಮೇಜಿನಲ್ಲಿ, ತಲೆ ತಗ್ಗಿಸಿಕೊಂಡು, ಇನ್ನೊಂದು ಪುಸ್ತಕದ ಬೂಷ್ಟು ಒರೆಸುತ್ತಿದ್ದೆ.

ಆ ಬಳಿಕ ಕಾದಂಬರಿಯನ್ನು ಎರಡು ಬಾರಿ ಓದಿದ್ದೇನೆ, ರಾಣಿ ಮಾತಿಗೆ ತೊಡಗುವ ಕಡೆಗಳಲ್ಲೆಲ್ಲ ತಡೆದು ತಡೆದು. ಈ ಸಂಚಿಕೆಗೆ ಬರೆಯಲು ಪತ್ರ ಬಂದಾಗ ಮೊದಲು ಆ ಗೆಳತಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಪುಸ್ತಕದ ಹೆಸರು ಆಕೆಗೆ ಮರೆತುಹೋಗಿತ್ತು, ದಂಡದ ಮೊತ್ತ ಮರೆತಿರಲಿಲ್ಲ. ಆ ಶನಿವಾರ ಬಸ್ಸಿಗೆ ದುಡ್ಡಿಲ್ಲದೆ ಊರಿಗೆ ಹೋಗಲಾಗಲಿಲ್ಲವೆಂದು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಮಗಳು ಈಗ ಎಷ್ಟನೆಯ ತರಗತಿಯೆಂದು ವಿಚಾರಿಸಿದಳು.