ಲ್ಯಾಂಕಾಸ್ಟರಿನಲ್ಲಿ ಧರ್ಮಗಳನ್ನು ಓದಿದ ದಿನಗಳು

ಈ ಕಾಲೇಜಿನಲ್ಲಿ ಪಿಯುಸಿ ಮುಗಿಸಿದ ಮೇಲೆ ನಾನು ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಬಿ.ಎ. ಪದವಿಗೆ ಆರಿಸಿಕೊಂಡ ವಿಷಯ ಧರ್ಮಗಳ ಅಧ್ಯಯನ. ಅದನ್ನು ಓದಿದವರು ಪಾದ್ರಿಗಳೋ ಪುರೋಹಿತರೋ ಆಗುತ್ತಾರೆಂಬ ಭಾವನೆ ಊರಿನಲ್ಲಿ ಇಂದಿಗೂ ಇದೆ. ಆದ್ದರಿಂದ ಅಲ್ಲಿ ಏನನ್ನು, ಹೇಗೆ ಕಲಿಸುತ್ತಿದ್ದರು ಎಂಬುದನ್ನೇ ನೆನಪು ಮಾಡಿಕೊಂಡು ಬರೆಯುತ್ತಿದ್ದೇನೆ.

ಆ ವಿಭಾಗವನ್ನು 1967ರಲ್ಲಿ ಕಟ್ಟಿದವರು ನಿನಿಯನ್ ಸ್ಮಾರ್ಟ್. ಸೈನ್ಯದಲ್ಲಿದ್ದಾಗ ಚೀನೀ ಭಾಷೆ ಕಲಿತು, ಸಿಲೋನಿನಲ್ಲಿ ಬೌದ್ಧರ ಬದುಕನ್ನು ಹತ್ತಿರದಿಂದ ಕಂಡಿದ್ದ ಅವರಿಗೆ, ಧರ್ಮವನ್ನು ಕಲಿಸುವುದೆಂದರೆ ಕ್ರೈಸ್ತ ದೇವತಾಶಾಸ್ತ್ರವನ್ನು ಕಲಿಸುವುದು ಎಂಬ ಅಂದಿನ ಬ್ರಿಟಿಷ್ ರೂಢಿ ಒಪ್ಪಿಗೆಯಾಗಿರಲಿಲ್ಲ. 2001ರಲ್ಲಿ ಅವರು ತೀರಿಕೊಂಡ ಮೇಲೆ ಸೇರಿದ ನನ್ನಂಥವರಿಗೂ ಅವರ ಚೌಕಟ್ಟೇ ಮೊದಲ ಪಾಠವಾಗಿತ್ತು. ಯಾವುದೇ ಧರ್ಮವನ್ನು ಆಚರಣೆ, ಕಥನ, ಅನುಭವ, ಸಿದ್ಧಾಂತ, ನೀತಿ, ಸಮುದಾಯ, ವಸ್ತು ಎಂಬ ಏಳು ಮುಖಗಳಿಂದ ನೋಡಬೇಕು. ಗ್ರಂಥವೊಂದನ್ನೇ ಓದಿ ಧರ್ಮವನ್ನು ತಿಳಿದೆವೆನ್ನಬಾರದು.

ನನಗೆ ಈ ಚೌಕಟ್ಟಿನ ಬೆಲೆ ತಿಳಿದದ್ದು ಶ್ರವಣಬೆಳಗೊಳದಿಂದ. ಮುಕ್ತಿ ಪಡೆದ ಆತ್ಮ ಯಾರ ಮೊರೆಗೂ ಓಗೊಡುವುದಿಲ್ಲ, ವರ ಕೊಡುವುದಿಲ್ಲ ಎನ್ನುತ್ತದೆ ಜೈನ ಸಿದ್ಧಾಂತ. ಆದರೂ ಹನ್ನೆರಡು ವರ್ಷಗಳಿಗೊಮ್ಮೆ ಸಾವಿರಾರು ಜನ ವಿಂಧ್ಯಗಿರಿಯನ್ನು ಹತ್ತಿ, ಬಾಹುಬಲಿಯ ತಲೆಯ ಮೇಲಿಂದ ಹಾಲು, ಕಬ್ಬಿನ ರಸ, ಅರಿಶಿನ, ಚಂದನಗಳು ಇಳಿಯುವುದನ್ನು ನೋಡಿ ಕೈ ಮುಗಿಯುತ್ತಾರೆ. ಸಿದ್ಧಾಂತವಷ್ಟೇ ಗೊತ್ತಿದ್ದವನಿಗೆ ಅಭಿಷೇಕ ಅರ್ಥವಿಲ್ಲದ್ದಾಗಿ ಕಾಣುತ್ತದೆ. ಅಭಿಷೇಕವನ್ನಷ್ಟೇ ಕಂಡವನಿಗೆ ಸಿದ್ಧಾಂತದ ಕಾಠಿಣ್ಯ ತಿಳಿಯುವುದಿಲ್ಲ. ಓಗೊಡದವನಿಗೆ ಸಲ್ಲಿಸುವ ಪೂಜೆಯಿಂದ ಪೂಜಿಸುವವನ ಮನಸ್ಸಿನಲ್ಲಿ ಏನಾಗುತ್ತದೆ ಎಂದು ಕೇಳಿದಾಗ ಮಾತ್ರ ಎರಡೂ ಒಂದಕ್ಕೊಂದು ಹೊಂದುತ್ತವೆ. ಹಾಸನ ಜಿಲ್ಲೆಯವನಾದ ನಾನು ಈ ಪ್ರಶ್ನೆಯನ್ನು ಕೇಳಲು ಕಲಿತದ್ದು ಲ್ಯಾಂಕಾಶೈರಿನಲ್ಲಿ.

ಪ್ರಬಂಧ ತಿದ್ದುವುದರಲ್ಲಿ ನಮ್ಮ ಅಧ್ಯಾಪಕರು ಬಹಳ ಕಟ್ಟುನಿಟ್ಟು. ‘ಮುಸ್ಲಿಮರು ಹೀಗೆ ನಂಬುತ್ತಾರೆ’, ‘ಹಿಂದೂಗಳು ಹೀಗೆ ಮಾಡುತ್ತಾರೆ’ ಎಂದು ಯಾರೇ ಬರೆದರೂ ಅಂಚಿನಲ್ಲಿ ಪೆನ್ಸಿಲಿನ ಪ್ರಶ್ನೆಗಳು ಕಾದಿರುತ್ತಿದ್ದವು: ಯಾರು? ಯಾವ ಊರಿನವರು? ಯಾವ ಕಾಲದವರು? ಗಂಡಸರೋ ಹೆಂಗಸರೋ? ಎರಡನೆಯ ವರ್ಷ ಇದೇ ಪ್ರಶ್ನೆ ದೊಡ್ಡ ಚರ್ಚೆಯಾಗಿ ಬೆಳೆಯಿತು. ಲಾಹೋರಿನಲ್ಲಿ ಪಾಠ ಹೇಳಿ ಮುಂದೆ ಹಾರ್ವರ್ಡಿಗೆ ಹೋದ ಧರ್ಮಗಳ ಅಧ್ಯಯನದ ವಿದ್ವಾಂಸ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್, ಒಂದು ಧರ್ಮದ ಕುರಿತು ನಾವು ಹೇಳುವ ಮಾತು ಆ ಧರ್ಮದವರಿಗೂ ಒಪ್ಪಿಗೆಯಾಗುವಂತಿರಬೇಕು ಎಂದು ವಾದಿಸಿದ್ದರು. ಎಷ್ಟು ಸಜ್ಜನಿಕೆಯ ನಿಯಮ! ಆದರೆ ಒಪ್ಪಬೇಕಾದವರು ಯಾರು, ಮಠದ ಪೀಠದಲ್ಲಿ ಕುಳಿತವರೋ, ತಲೆಮಾರುಗಳಿಂದ ಗುಡಿಯ ಹೊರಗೆ ನಿಂತವರೋ? ಇಬ್ಬರ ಉತ್ತರವನ್ನೂ ಬರೆದಿಡದ ವಿವರಣೆ ಅರೆ ವಿವರಣೆ ಎಂದೇ ನಾನು ಈಗಲೂ ನಂಬಿದ್ದೇನೆ.

ಪಠ್ಯದ ಭಾಗವಾಗಿ ಪೂಜಾಸ್ಥಳಗಳಿಗೂ ಹೋಗಬೇಕಾಗಿತ್ತು. ಮಸೀದಿ, ಗುರುದ್ವಾರಗಳಲ್ಲಿ ನನಗೆ ಅಷ್ಟೇನೂ ಹೊಸತೆನಿಸಲಿಲ್ಲ. ಬೆರಗು ಹುಟ್ಟಿಸಿದ್ದು ಕ್ವೇಕರರೆಂಬ ಕ್ರೈಸ್ತ ಪಂಗಡದವರ ಸಭೆ. ಅವರ ಮುಂದಾಳು ಜಾರ್ಜ್ ಫಾಕ್ಸ್‌ರನ್ನು 1660ರ ದಶಕದಲ್ಲಿ ಸೆರೆಯಲ್ಲಿಟ್ಟಿದ್ದ ಕೋಟೆ ಊರಿನ ದಿಬ್ಬದ ಮೇಲಿದ್ದರೆ, ಅವರ ಸಭಾಗೃಹ ಅದರ ಕೆಳಗೆ ರೈಲು ನಿಲ್ದಾಣದ ಪಕ್ಕದಲ್ಲಿದೆ. ಒಳಗೆ ವೇದಿಕೆಯಿಲ್ಲ, ಮೂರ್ತಿಯಿಲ್ಲ, ಪಾದ್ರಿಯಿಲ್ಲ. ಎದುರುಬದುರಾಗಿ ಕುಳಿತವರು ಸುಮಾರು ಒಂದು ಗಂಟೆ ಮೌನವಾಗಿರುತ್ತಾರೆ. ಒಳಗಿನಿಂದ ಪ್ರೇರಣೆಯಾದವರು ಎದ್ದು ನಾಲ್ಕು ಮಾತನಾಡಿ ಕುಳಿತುಕೊಳ್ಳುತ್ತಾರೆ. ಅಂದು ಒಬ್ಬ ವೃದ್ಧೆಯಷ್ಟೇ ಎದ್ದು ನಿಂತು, ಕಾಯಿಲೆಯಲ್ಲಿದ್ದ ನೆರೆಯವರ ಕುರಿತು ಎರಡು ವಾಕ್ಯ ಹೇಳಿದರು. ಕೊನೆಗೆ ಹಿರಿಯರಿಬ್ಬರು ಕೈ ಕುಲುಕಿದರು, ಸಭೆ ಮುಗಿಯಿತು. ಏಳು ಮುಖಗಳ ಪಟ್ಟಿ ಹಿಡಿದು ಹೋಗಿದ್ದ ನಮಗೆ ‘ಆಚರಣೆ’ಯ ಕೆಳಗೆ ಏನು ಬರೆಯಬೇಕೆಂದು ಹೊಳೆಯಲಿಲ್ಲ. ಮೌನವೂ ಕಟ್ಟುನಿಟ್ಟಾದ ಆಚರಣೆಯೇ ಎಂಬ ತೀರ್ಮಾನಕ್ಕೆ ಬರಲು ಮುಂದಿನ ತರಗತಿಯ ಪೂರ್ತಿ ಸಮಯ ಹಿಡಿಯಿತು.

ಇಂಥ ಅಧ್ಯಯನ ನಮ್ಮಲ್ಲಿ ಪದವಿ ಮಟ್ಟದಲ್ಲಿ ಇಷ್ಟು ಅಪರೂಪವಾಗಿರುವುದು ನನಗೆ ನೋವಿನ ವಿಷಯ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿ, 1936ರಿಂದ ಆಕ್ಸ್‌ಫರ್ಡಿನಲ್ಲಿ ಪೌರ್ವಾತ್ಯ ಧರ್ಮಗಳ ಪ್ರಾಧ್ಯಾಪಕರಾಗಿದ್ದ ರಾಧಾಕೃಷ್ಣನ್ ಅವರ ನೇತೃತ್ವದ 1948–49ರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ, ಪದವಿಯ ಮೊದಲ ವರ್ಷ ಧರ್ಮಪುರುಷರ ಜೀವನ, ಎರಡನೆಯ ವರ್ಷ ಧರ್ಮಗ್ರಂಥಗಳ ಆಯ್ದ ಭಾಗ, ಮೂರನೆಯ ವರ್ಷ ಧರ್ಮದ ತಾತ್ತ್ವಿಕ ಸಮಸ್ಯೆಗಳು ಎಂದು ಸ್ಪಷ್ಟವಾಗಿ ಸೂಚಿಸಿತ್ತು. ಸಂವಿಧಾನದ 28ನೆಯ ವಿಧಿ ಇದಕ್ಕೆ ಅಡ್ಡಿ ಎನ್ನುವವರಿದ್ದಾರೆ. ಆ ವಿಧಿ ಸರ್ಕಾರದ ಹಣದಿಂದಲೇ ನಡೆಯುವ ಸಂಸ್ಥೆಗಳಲ್ಲಿ ಧರ್ಮಬೋಧನೆಯನ್ನು ತಡೆಯುತ್ತದೆಯೇ ಹೊರತು ಧರ್ಮಗಳ ಕುರಿತ ಅಧ್ಯಯನವನ್ನಲ್ಲ ಎಂಬ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2002ರಲ್ಲಿ ಎತ್ತಿಹಿಡಿದಿದೆ.

ಬೈಲಕುಪ್ಪೆಯ ಟಿಬೆಟನ್ ವಿಹಾರಗಳು, ಬಾಬಾಬುಡನ್‌ಗಿರಿ, ಮಂಗಳೂರಿನ ಚರ್ಚುಗಳು, ಶರಣರ ನೆಲವಾದ ಬಸವಕಲ್ಯಾಣ, ಇವೆಲ್ಲ ಒಂದು ದಿನದ ಬಸ್ಸಿನ ಪ್ರಯಾಣದೊಳಗೇ ಇರುವ ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆಯ ಕೊರತೆಯಿಲ್ಲ. ನಮ್ಮ ಕಾಲೇಜು ಒಂದು ಐಚ್ಛಿಕ ಪತ್ರಿಕೆಯಾಗಿಯಾದರೂ ಇದನ್ನು ಆರಂಭಿಸುವುದಾದರೆ, ನನ್ನಲ್ಲಿರುವ ಪಾಠದ ಟಿಪ್ಪಣಿಗಳನ್ನೂ ಪುಸ್ತಕಗಳನ್ನೂ ಗ್ರಂಥಾಲಯಕ್ಕೆ ಒಪ್ಪಿಸಲು, ಮೊದಲ ಅರ್ಧವರ್ಷ ಬಂದು ಪಾಠ ಹೇಳಲು ನಾನು ಸಿದ್ಧನಿದ್ದೇನೆ.