ತೀರ್ಪು ಕೊಡದೆ ಕೂರುವುದು

ಜುಲೈ 18, 2024, ಗುರುವಾರ

ಊಟದ ಬಿಡುವಿನಲ್ಲಿ ಏಳನೇ ತರಗತಿಯ ಇಬ್ಬರು ಹುಡುಗಿಯರು ಮಕ್ಕಳ ಜಗಳ ಬಗೆಹರಿಸಲು ಮಕ್ಕಳೇ ನೆರವಾಗುವ ನಮ್ಮ ವಿದ್ಯಾರ್ಥಿ ಮಧ್ಯಸ್ಥಿಕೆ ತಂಡದ ಮುಂದೆ ಬಂದರು. (ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಇಬ್ಬರೂ ಸೇರಿ ಮಾಡಿದ ವಿಜ್ಞಾನದ ಚಾರ್ಟ್‌ನಲ್ಲಿ ಒಬ್ಬಳ ಹೆಸರು ಮಾತ್ರ ಇತ್ತು. ಇನ್ನೊಬ್ಬಳು ಸಿಟ್ಟಿಗೆ ಅದನ್ನು ಹರಿದು ಹಾಕಿದ್ದಳು. ಮಧ್ಯೆ ಕೂತವರು ಒಂಬತ್ತನೇ ತರಗತಿಯ ಒಬ್ಬ ಹುಡುಗ, ಒಬ್ಬ ಹುಡುಗಿ. ನಾನು ಮೂಲೆಯಲ್ಲಿ ಸುಮ್ನೆ ಕೂರಬೇಕು. ಟೀಚರ್‌ಗೆ ಅದಕ್ಕಿಂತ ಕಷ್ಟದ ಕೆಲಸ ಇಲ್ಲ.

ಮೊದಲು ಇಬ್ಬರೂ ಒಪ್ಪಬೇಕು. ಬಲವಂತಕ್ಕೆ ಕೂರಿಸುವಂತಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು, ಬೈಯಬಾರದು. ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. ಯಾರಿಗಾದರೂ ಅಪಾಯ ಇದೆ ಅನಿಸಿದರೆ ಮಾತ್ರ ದೊಡ್ಡವರಿಗೆ ಹೇಳಲೇಬೇಕು.

ಇಬ್ಬರ ಮಾತನ್ನೂ ಕೇಳಿ, ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳುವವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ನಮ್ಮ ಹುಡುಗ ತಡೆಯಲಾರದೆ, ತನ್ನ ಹೆಸರು ಮಾತ್ರ ಬರೆದವಳಿಗೆ, "ಹಾಗಾದ್ರೆ ತಪ್ಪು ನಿಂದೇ ಅಲ್ವಾ?" ಅಂದುಬಿಟ್ಟ. ಆ ಹುಡುಗಿ ಬಾಯಿ ಮುಚ್ಚಿಕೊಂಡಳು. ಜೊತೆಗಾತಿ ಅವನ ಕಡೆ ಒಂದು ನೋಟ ಬೀರಿ, "ಹೆಸರು ಬರೆಯೋ ಹೊತ್ತಿಗೆ ಏನಾಗಿತ್ತು?" ಅಂತ ಕೇಳಿದಳು. ಆಗ ವಿಷಯ ಹೊರಬಂತು. ಚಾರ್ಟ್ ಕೊಡುವ ಹಿಂದಿನ ದಿನ ಗೆಳತಿ ಶಾಲೆಗೇ ಬಂದಿರಲಿಲ್ಲ. ಬಣ್ಣ ತುಂಬುವ ಕೆಲಸವೆಲ್ಲ ಇವಳ ತಲೆ ಮೇಲೆ ಬಿದ್ದಿತ್ತು. ಹೆಸರು ಬಿಟ್ಟಿದ್ದು ಬೇಕಂತಲೇ. ಅವತ್ತು ತನಗೆ ಜ್ವರ ಇತ್ತು ಅಂತ ಗೆಳತಿ ಹೇಳಿದ್ದು ಈಗಲೇ. ನಾನೇ ವಿಚಾರಣೆ ಮಾಡಿದ್ದರೆ ಹರಿದವಳಿಗೆ ಶಿಕ್ಷೆ ಕೊಟ್ಟು ಮುಗಿಸುತ್ತಿದ್ದೆನೇನೋ. ಜ್ವರದ ಸುದ್ದಿ ಬರುತ್ತಲೇ ಇರಲಿಲ್ಲ.

ಒಪ್ಪಂದವನ್ನು ಅವರೇ ಬರೆದು ಸಹಿ ಹಾಕಿದರು. ಹೊಸ ಚಾರ್ಟ್, ಎರಡು ಹೆಸರು, ರಜೆ ಹಾಕುವುದಾದರೆ ಮೊದಲೇ ತಿಳಿಸಬೇಕು. "ಸಾರಿ" ಅನ್ನುವ ಪದ ಅದರಲ್ಲಿ ಇಲ್ಲ. ಇರಬೇಕಿತ್ತು ಅಂತ ನನಗೂ ಅನಿಸಲಿಲ್ಲ. ನಾವು ಗದರಿಸಿ ಹೇಳಿಸುವ ಸಾರಿಗಳು ಈಗಾಗಲೇ ಜಾಸ್ತಿ ಆಗಿವೆ. ಮುಂದಿನ ವಾರ ತಂಡದವರು ಮತ್ತೆ ವಿಚಾರಿಸುತ್ತಾರೆ.

ಸ್ಟಾಫ್ ರೂಮಿನಲ್ಲಿ ಒಬ್ಬರು, "ಇದೆಲ್ಲ ಈಗಿನ ಫ್ಯಾಷನ್ ಬಿಡಿ" ಅಂದರು. ನ್ಯೂಯಾರ್ಕ್‌ನಲ್ಲಿ ಕ್ವೇಕರ್ ಎಂಬ ಶಾಂತಿವಾದಿ ಕ್ರೈಸ್ತ ಪಂಥದವರು 1972ರಲ್ಲೇ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಜಗಳ ಬಗೆಹರಿಸುವುದನ್ನು ಕಲಿಸಲು ಶುರು ಮಾಡಿದ್ದರು. ಮಿನ್ನೆಸೋಟ ವಿಶ್ವವಿದ್ಯಾಲಯದ ಡೇವಿಡ್ ಮತ್ತು ರೋಜರ್ ಜಾನ್ಸನ್ ಸಹೋದರರು ತರಗತಿಯ ಎಲ್ಲ ಮಕ್ಕಳಿಗೂ ಇದನ್ನು ಕಲಿಸಿ, ಸರದಿಯ ಮೇಲೆ ಮಧ್ಯಸ್ಥರನ್ನಾಗಿ ಮಾಡಿ ಅಂದವರು. ನಾವಿನ್ನೂ ಅಲ್ಲಿಗೆ ಬಂದಿಲ್ಲ. ಆಯ್ದ ಕೆಲವರಿಗಷ್ಟೇ ತರಬೇತಿ.

ಮಧ್ಯಾಹ್ನ ಮಕ್ಕಳು ದೂರು ಬರೆದು ಹಾಕುವ ಪೆಟ್ಟಿಗೆಯಲ್ಲಿ ಇನ್ನೊಂದು ಚೀಟಿ ಸಿಕ್ಕಿತು. ದೊಡ್ಡ ಹುಡುಗರ ಗುಂಪೊಂದು ಆರನೇ ತರಗತಿಯವನೊಬ್ಬನ ಬ್ಯಾಗ್ ದಿನಾ ಕಿತ್ತುಕೊಳ್ಳುತ್ತಿದೆಯಂತೆ. ಅದನ್ನು ತಂಡಕ್ಕೆ ಕೊಡಲಿಲ್ಲ. ಹೆದರಿದವನನ್ನು ಹೆದರಿಸಿದವರ ಎದುರು ಕೂರಿಸಿ "ಇಬ್ಬರೂ ಹೊಂದಿಕೊಳ್ಳಿ" ಅನ್ನುವುದು ಅನ್ಯಾಯ. ಅವನ ಜೊತೆ ಮಾತಾಡಿ ಮುಖ್ಯ ಶಿಕ್ಷಕರಿಗೆ ತಿಳಿಸಿದೆ. ನಾಳೆ ಆ ಹುಡುಗರ ಮನೆಯವರನ್ನು ಕರೆಸುತ್ತಿದ್ದಾರೆ.